ಅರ್ಧ ಬಾಟಲಿ ಸಲೈನ್

ಕಚ್ಚಿಕೊಂಡಿರುವ ಪಿಸ್ಟನ್ ಬಿಟ್ಟುಕೊಂಡ ದಿನವೇ ತಮ್ಮನಿಗೆ ನಿಜ ಹೇಳಿಬಿಡುತ್ತೇನೆ ಎಂದು ಅಕ್ಕ ತನಗೆ ತಾನೇ ಮಾತು ಕೊಟ್ಟುಕೊಂಡಿದ್ದಳು. ಹೀಗೆ ತಮಗೆ ತಾವೇ ಮಾತು ಕೊಟ್ಟುಕೊಳ್ಳುವವರಿಗೆಲ್ಲ ಆ ದಿನ ಸ್ವಲ್ಪ ತಡವಾಗಿಯೇ ಬರಲಿ ಎಂಬ ಕಳ್ಳ ಆಸೆಯೊಂದು ಇದ್ದೇ ಇರುತ್ತದೆ. ಹತ್ತೊಂಬತ್ತು ವರ್ಷ ತಾಡಪಾಲಿನ ಅಡಿಯಲ್ಲಿ ನಿಂತ ಮೋಟಾರ್ ಸೈಕಲ್ಲಿನ ಪಿಸ್ಟನ್ ಕರೆದ ಕೂಡಲೇ ಬರುವುದಿಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಆದರೆ ತಮ್ಮನಿಗೆ ಹೆಚ್ಚು ದಿನ ಉಳಿದಿಲ್ಲ ಎಂಬುದೂ ಗೊತ್ತಿತ್ತು. ಅವನ ಎದೆಯ ಎಕ್ಸ್‌-ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದಾಗ, ಡಾಕ್ಟರು ಬಾಯಿ ಬಿಡುವ ಮೊದಲೇ ಅವಳು ಲೆಕ್ಕ ಹಾಕಿದ್ದಳು. ಮೂರು ತಿಂಗಳು. ಎಳೆದರೆ ನಾಲ್ಕು.

ಅವಳು ಆಸ್ಪತ್ರೆಯಲ್ಲಿ ಮೂವತ್ತನಾಲ್ಕು ವರ್ಷ ಗಾಯಗಳಿಗೆ ಪಟ್ಟಿ ಕಟ್ಟಿ ನಿವೃತ್ತಳಾದವಳು. ಬೀದಿಯವರಿಗೆಲ್ಲ ಸಿಸ್ಟರಕ್ಕ. ಮದುವೆ ಎಂಬುದು ಅವಳ ದಾರಿಗೆ ಬರಲಿಲ್ಲ. ಬಂದದ್ದು ತಾಯಿಯಿಲ್ಲದ ಮನೆ, ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡ ಅಪ್ಪ, ತನಗಿಂತ ಹನ್ನೊಂದು ವರ್ಷ ಚಿಕ್ಕವನಾದ ತಮ್ಮ. ಅಪ್ಪ ಬೈಕ್ ಮೇಸ್ತ್ರಿ. ಮನೆಯ ಮುಂಭಾಗವೇ ಅವರ ಗ್ಯಾರೇಜು. ಶಟರ್ ಎತ್ತಿದರೆ ಗ್ಯಾರೇಜು, ಒಳಬಾಗಿಲು ದಾಟಿದರೆ ಅಡುಗೆಮನೆ. ಆ ಮನೆಯಲ್ಲಿ ಗ್ರೀಸಿನ ವಾಸನೆಯಿಲ್ಲದ ಅನ್ನವನ್ನು ಯಾರೂ ಉಂಡಿರಲಿಲ್ಲ.

ಮೇಸ್ತ್ರಿಯ ಗ್ಯಾರೇಜಿನಲ್ಲಿ ಒಂದೇ ಒಂದು ಕಾನೂನಿತ್ತು. ಜಾಮ್ ಮಾಡಿದವನೇ ಬಿಚ್ಚಬೇಕು. ಕೆಲಸಗಾರನೊಬ್ಬ ನಟ್ಟನ್ನು ಅಡ್ಡಾದಿಡ್ಡಿ ತಿರುಗಿಸಿ ಕಚ್ಚಿಸಿದನೆಂದರೆ, ಅದನ್ನು ಬಿಡಿಸಲು ವಾರವಾಗಲಿ, ತಿಂಗಳಾಗಲಿ, ಅವನೇ ಕೂತು ಬಿಡಿಸಬೇಕು. ಬೇರೆ ಯಾರೂ ಕೈ ಹಚ್ಚುವಂತಿಲ್ಲ. ಕೆಡಿಸಿದವನ ಕೈಗೇ ಕೆಟ್ಟದ್ದು ಎಷ್ಟು ಗಟ್ಟಿ ಎಂದು ಗೊತ್ತಾಗಬೇಕು ಎನ್ನುತ್ತಿದ್ದರು ಅವರು. ಎಷ್ಟೋ ಜನ ಈ ಕಾನೂನಿಗೆ ಹೆದರಿ ಗ್ಯಾರೇಜು ಬಿಟ್ಟೋಡಿದ್ದರು. ಓಡದೆ ನಿಂತವನು ತಮ್ಮ ಒಬ್ಬನೇ. ಇಪ್ಪತ್ತು ವರ್ಷಕ್ಕೆಲ್ಲ ಅವನು ಇಂಜಿನಿನ ಸದ್ದು ಕೇಳಿ ರೋಗ ಹೇಳುವಷ್ಟು ಪಳಗಿದ್ದ. ಅಪ್ಪ ಎದುರಿಗೆ ಹೊಗಳುತ್ತಿರಲಿಲ್ಲ, ಬೆನ್ನ ಹಿಂದೆ ಹೊಗಳದೆ ಇರುತ್ತಿರಲಿಲ್ಲ.

ಆಮೇಲೆ ತಮ್ಮನಿಗೆ ಕುಡಿತ ಅಂಟಿಕೊಂಡಿತು. ಮೂವತ್ತರ ಹೊತ್ತಿಗೆ ಅಪ್ಪನ ಮೋಟಾರ್ ಸೈಕಲ್ಲಿನಿಂದ ಎರಡು ಸಲ ಬಿದ್ದ. ಮೊದಲ ಸಲ ಹಣೆ ಒಡೆದುಕೊಂಡ. ಆ ಹೊಲಿಗೆಗೆ ಪಟ್ಟಿ ಕಟ್ಟಿದವಳು ಅಕ್ಕನೇ. ಎರಡನೇ ಸಲ ಬಲಗೈ ಮುರಿಯಿತು. ಅವತ್ತು ಸಂಜೆಯಷ್ಟೇ ಅವನು ಗಾಡಿಯ ಹಳೆ ಎಣ್ಣೆ ಇಳಿಸಿ ಹೊಸದು ಹಾಕಿ, ಖುಷಿಗೆ ಒಂದು ಸುತ್ತು ಹೋಗಿಬರುತ್ತೇನೆಂದು ಹೋಗಿದ್ದ. ಪ್ಲಾಸ್ಟರ್ ಹಾಕಿಸಿಕೊಂಡು ಮಂಚದ ಮೇಲೆ ಕೂತವನು ಪ್ರತಿದಿನ ಕೇಳುತ್ತಿದ್ದದ್ದು ಒಂದೇ ಮಾತು. ಇದನ್ನು ಯಾವತ್ತು ಬಿಚ್ಚುತ್ತಾರೆ, ಬಿಚ್ಚಿದ ದಿನವೇ ಗಾಡಿ ತೆಗೆಯುತ್ತೇನೆ.

ಅಕ್ಕನಿಗೆ ಹೆದರಿಕೆ ಹೊಕ್ಕಿತು. ಮೂರನೇ ಸಲ ಬಿದ್ದವರನ್ನು ಅವಳು ಆಸ್ಪತ್ರೆಯಲ್ಲಿ ಬೇಕಾದಷ್ಟು ನೋಡಿದ್ದಳು; ಅವರಿಗೆ ಪಟ್ಟಿ ಕಟ್ಟುವ ಕೆಲಸ ಇರುತ್ತಿರಲಿಲ್ಲ, ಬಟ್ಟೆ ಹೊದಿಸುವ ಕೆಲಸ ಇರುತ್ತಿತ್ತು. ಬುದ್ಧಿ ಹೇಳಿದಳು, ಬೈದಳು, ಅತ್ತಳು. ಯಾವುದೂ ನಾಟಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ಗಾಡಿಯ ಬೀಗದ ಕೈ ಅಡಗಿಸಿಡುತ್ತಿದ್ದರು, ಟಯರಿಗೆ ಮೊಳೆ ಹೊಡೆಯುತ್ತಿದ್ದರು. ಅವಳು ಮೇಸ್ತ್ರಿಯ ಮಗಳು. ಬೀಗದ ಕೈ ಇಲ್ಲದೆ ಗಾಡಿ ಸ್ಟಾರ್ಟ್ ಮಾಡುವವರ ಮನೆಯವಳು. ಜೊತೆಗೆ ಪಟ್ಟಿ ಕಟ್ಟುವವಳು. ಕತ್ತರಿ ಚಿಮಟಗಳನ್ನು ಗಾಯ ತೊಳೆಯುವ ಉಪ್ಪುನೀರಿನ, ಅಂದರೆ ಸಲೈನಿನ ತಟ್ಟೆಯಲ್ಲಿ ಮರೆತು ಹೋದರೆ ಬೆಳಗಾಗುವುದರೊಳಗೆ ತುಕ್ಕು ಹಿಡಿಯುತ್ತದೆ, ಹೆಡ್ ನರ್ಸು ಮೈಮೇಲೆ ಬರುತ್ತಾರೆ. ವಾರ್ಡಿನಲ್ಲಿ ಮೊದಲ ತಿಂಗಳು ಕಲಿಯುವ ಪಾಠ ಅದು. ಒಂದು ಮಧ್ಯಾಹ್ನ ಅಪ್ಪ ಸಾಮಾನು ತರಲು ಹೋಗಿದ್ದಾಗ, ಊಟದ ಚೀಲದಲ್ಲಿ ತಂದಿದ್ದ ಬಾಟಲಿ ಹೊರತೆಗೆದು, ಇಂಜಿನಿನ ತಲೆಯ ಮೇಲಿನ ಸ್ಪಾರ್ಕ್ ಪ್ಲಗ್ ಬಿಚ್ಚಿ, ಆ ತೂತಿನೊಳಗೆ ಸಲೈನ್ ಸುರಿದಳು. ಅರ್ಧ ಬಾಟಲಿ ಹಿಡಿಯಿತು. ಉಳಿದ ಅರ್ಧವನ್ನು ಬಚ್ಚಲಿಗೆ ಚೆಲ್ಲಿ ಪ್ಲಗ್ಗನ್ನು ಮೊದಲಿನ ಹಾಗೆ ಬಿಗಿ ಮಾಡಿಟ್ಟಳು. ಒಂದಷ್ಟು ದಿನ ಗಾಡಿ ಸ್ಟಾರ್ಟ್ ಆಗದಿದ್ದರೆ ಸಾಕು ಎಂಬುದಷ್ಟೇ ಅವಳ ಲೆಕ್ಕ.

ಮೂರು ವಾರದ ಮೇಲೆ ತಮ್ಮ ಕಿಕ್ಕರ್ ಮೇಲೆ ಕಾಲಿಟ್ಟ. ಅದು ನೆಲಕ್ಕೆ ಹೂತ ಕಲ್ಲಿನ ಹಾಗೆ ನಿಂತಿತ್ತು. ಅಪ್ಪ ಬಂದು ಎಣ್ಣೆಯ ಮಟ್ಟ ನೋಡುವ ಕಡ್ಡಿ ಎಳೆದು, ಹೆಬ್ಬೆರಳಿಗೆ ಸವರಿ ನೋಡಿದರು. ಎಣ್ಣೆ ಜೇನಿನಷ್ಟು ತಿಳಿಯಾಗಿತ್ತು. ಅದೇ ತಮ್ಮನಿಗೆ ಮುಳುವಾಯಿತು. ಓಡಿದ ಎಣ್ಣೆ ಕಪ್ಪಾಗಿರುತ್ತದೆ, ಇದು ಈಗಷ್ಟೇ ಸುರಿದದ್ದು; ಕುಡಿದ ಅಮಲಿನಲ್ಲಿ ಎಣ್ಣೆಯಿಲ್ಲದೆ ಓಡಿಸಿ ಇಂಜಿನ್ ಕಚ್ಚಿಸಿ ಸೀಜ್ ಮಾಡಿ, ಈಗ ತಂದು ಸುರಿದು ನನ್ನ ಕಣ್ಣಿಗೇ ಮಣ್ಣೆರಚುತ್ತೀಯಾ ಎಂದು ಅಪ್ಪ ಬೀದಿಗೆಲ್ಲ ಕೇಳುವ ಹಾಗೆ ಕೂಗಾಡಿದರು. ಹಳೆಯದನ್ನು ಇಳಿಸಿದ್ದು ತಮ್ಮನಿಗೆ ನೆನಪಿತ್ತು. ಹೊಸದನ್ನು ಹಾಕಿದೆನಾ? ಬೀಳುವ ಮೊದಲಿನ ಆ ಸಂಜೆಯಲ್ಲಿ ಉಳಿದದ್ದೆಲ್ಲ ಅವನ ತಲೆಯಿಂದ ಅಳಿಸಿಹೋಗಿತ್ತು. ಇರಬಹುದು ಅಪ್ಪ, ಎಂದ. ಅಪ್ಪ ಅವನ ಕೈಯಿಂದ ಸ್ಪ್ಯಾನರ್ ಕಿತ್ತುಕೊಂಡು, ಇದನ್ನು ಬಿಚ್ಚುವ ಯೋಗ್ಯತೆ ಬಂದ ದಿನ ಬಾ, ಅಲ್ಲಿಯವರೆಗೆ ಈ ಶಟರ್ ಒಳಗೆ ಕಾಲಿಡಬೇಡ ಎಂದರು.

ಅಡುಗೆಮನೆಯ ಬಾಗಿಲಲ್ಲಿ ಸೌಟು ಹಿಡಿದು ನಿಂತಿದ್ದ ಅಕ್ಕ ತುಟಿ ಪಿಟಕ್ಕೆನ್ನಲಿಲ್ಲ. ಸಾರು ಉಕ್ಕಿ ಒಲೆ ಆರಿತು. ಸಂಜೆ ಹೇಳೋಣವೆಂದುಕೊಂಡಳು, ಅಪ್ಪನ ಕೋಪ ಇಳಿಯಲಿ ಎಂದುಕೊಂಡಳು, ತಮ್ಮ ತಾನಾಗಿ ಬರುತ್ತಾನೆ ಎಂದುಕೊಂಡಳು. ಹೇಳದೆ ಉಳಿದ ಮಾತು ಒಂದು ವಾರ ದಾಟಿದರೆ ಅದರ ಮೇಲೂ ತುಕ್ಕು ಕೂರುತ್ತದೆ.

ತಮ್ಮ ಅವತ್ತಿನಿಂದ ಕುಡಿತ ಬಿಟ್ಟ. ಸ್ಪ್ಯಾನರನ್ನೂ ಬಿಟ್ಟ. ಬಸ್ ನಿಲ್ದಾಣದ ಪಕ್ಕದ ಸ್ಟ್ಯಾಂಡಿನಲ್ಲಿ ಊರವರ ಗಾಡಿಗಳಿಗೆ ಟೋಕನ್ ಕೊಡುವ ಕೆಲಸಕ್ಕೆ ಸೇರಿಕೊಂಡು, ಎರಡು ಬೀದಿಯಾಚೆ ಮನೆ ಮಾಡಿ, ಒಳ್ಳೆಯ ಹುಡುಗಿಯೊಬ್ಬಳನ್ನು ಕಟ್ಟಿಕೊಂಡ. ಗಾಡಿ ನಿಲ್ಲಿಸುವವರು ಏನೋ ಸದ್ದು ಬರ್ತಿದೆ ನೋಡಪ್ಪ ಎಂದರೆ, ನನಗೆ ಗೊತ್ತಾಗಲ್ಲ ಸಾರ್ ಎನ್ನುತ್ತಿದ್ದನಂತೆ. ಅದನ್ನು ಕೇಳಿದ ದಿನ ಅಕ್ಕ ಊಟ ಮಾಡಲಿಲ್ಲ. ನಾಲ್ಕು ವರ್ಷವಾದ ಮೇಲೆ ಭಾನುವಾರಗಳಲ್ಲಿ ಅಪ್ಪನನ್ನು ನೋಡಲು ಬರತೊಡಗಿದ. ಬಂದಾಗೆಲ್ಲ ಗ್ಯಾರೇಜು ದಾಟಿ ಹೋಗದೆ ಹಿತ್ತಿಲ ಬಾಗಿಲಿಂದಲೇ ಬರುತ್ತಿದ್ದ.

ಈಗ ಅಪ್ಪನಿಗೆ ಎಂಬತ್ತಾರು. ಮೈ ಗಟ್ಟಿಯಾಗಿದೆ, ತಲೆ ಸಡಿಲವಾಗಿದೆ. ಬೆಳಿಗ್ಗೆ ತಿಂದದ್ದು ಮಧ್ಯಾಹ್ನಕ್ಕೆ ನೆನಪಿರುವುದಿಲ್ಲ. ಮಗಳನ್ನು ಒಮ್ಮೊಮ್ಮೆ ನರ್ಸಮ್ಮ ಎನ್ನುತ್ತಾರೆ, ಒಮ್ಮೊಮ್ಮೆ ತಮ್ಮನ್ನು ಹೆತ್ತ ತಾಯಿಯೆಂದು ತಿಳಿಯುತ್ತಾರೆ. ಆದರೆ ಮಗ ಬಾಗಿಲಲ್ಲಿ ನಿಂತರೆ ಸಾಕು, ಕಣ್ಣು ಚುರುಕಾಗಿ, ಬಂದ ನೋಡು, ಎಣ್ಣೆ ಹಾಕದೆ ಓಡಿಸಿದವನು, ಎನ್ನುತ್ತಾರೆ. ಎಲ್ಲ ಮರೆತ ಮನುಷ್ಯನಿಗೆ ಮರೆಯಲು ಇದೊಂದು ಸಿಗಲಿಲ್ಲವೇ ಎಂದು ಅಕ್ಕ ಗೊಣಗಿಕೊಳ್ಳುತ್ತಿದ್ದಳು. ತಮ್ಮ ಮಾತ್ರ ನಕ್ಕು, ಹಣ್ಣಿನ ಸಿಪ್ಪೆ ಸುಲಿದು ಅಪ್ಪನ ಕೈಗೆ ಒಂದೊಂದೇ ತೊಳೆ ಕೊಡುತ್ತ ಕೂರುತ್ತಿದ್ದ.

ಎಕ್ಸ್‌-ರೇ ನೋಡಿದ ಮರುದಿನ ಅಕ್ಕ ಶಟರ್ ಎತ್ತಿ ತಾಡಪಾಲು ಎಳೆದಳು. ಧೂಳಿಗೆ ಹತ್ತು ಸಲ ಸೀನಿದಳು. ಅಪ್ಪನ ಮರದ ಪೆಟ್ಟಿಗೆ ತೆರೆದು ಸ್ಪ್ಯಾನರುಗಳನ್ನು, ಹಿಂದೆ ವಾರ್ಡಿನಲ್ಲಿ ಉಪಕರಣ ಜೋಡಿಸುತ್ತಿದ್ದ ಹಾಗೆಯೇ, ಬಿಳಿ ಬಟ್ಟೆಯ ಮೇಲೆ ಸಾಲಾಗಿ ಜೋಡಿಸಿದಳು. ಜಾಮ್ ಮಾಡಿದವರೇ ಬಿಚ್ಚಬೇಕು. ಕಾನೂನನ್ನು ಪಾಲಿಸಲು ಅವಳು ಹತ್ತೊಂಬತ್ತು ವರ್ಷ ತಡವಾಗಿ ಕೂತಿದ್ದಳು.

ಮೂರನೇ ದಿನವೇ ಸುದ್ದಿ ತಮ್ಮನಿಗೆ ಮುಟ್ಟಿತು. ಅವನು ಎರಡು ಬೀದಿ ನಡೆದುಬರಲು ಐದು ಕಡೆ ನಿಂತು ಉಸಿರು ತೆಗೆದುಕೊಂಡಿದ್ದ. ಈ ಸಲ ಹಿತ್ತಿಲ ಕಡೆ ಹೋಗಲಿಲ್ಲ. ಶಟರಿನ ಹೊಸ್ತಿಲಾಚೆಯೇ ನಿಂತು ಒಳಗೆ ಬರಬಹುದೇ ಎನ್ನುವ ಹಾಗೆ ನೋಡಿದ. ಅಕ್ಕ ಒಂದು ಡಬ್ಬ ಬೋರಲು ಹಾಕಿ ಅದರ ಮೇಲೆ ದಿಂಬಿಟ್ಟಳು. ಅವನು ಬಂದು ಕೂತ.

"ಏನಕ್ಕ, ಪೇಶೆಂಟ್ ಹೇಗಿದೆ?"

"ಉಸಿರಾಡ್ತಿಲ್ಲ. ಆದ್ರೆ ನಿನ್ನ ಹಾಗೆ ಮಾತ್ರೆ ನುಂಗೋಕೆ ತಕರಾರು ಮಾಡಲ್ಲ."

ಇದೇಕೆ ಈಗ ಎಂದು ಕೇಳಿದ. ಸುಮ್ಮನೆ, ಹೊತ್ತು ಹೋಗಬೇಕಲ್ಲ ಎಂದಳು. ಅರವತ್ತು ತುಂಬಿದ ಹೆಂಗಸರು ಹೊತ್ತು ಕಳೆಯಲು ಸ್ವೆಟರ್ ಹೆಣೆಯುತ್ತಾರೆ, ನೀನು ಇಂಜಿನ್ ಬಿಚ್ಚುತ್ತೀಯ ಎಂದು ನಗಲು ಹೋಗಿ ಕೆಮ್ಮಿದ. ಕೆಮ್ಮು ನಿಂತ ಮೇಲೆ, ಸಹಾಯ ಮಾಡಲೇ ಎಂದು ಕೈ ಚಾಚಿದ. ಬಾಯಲ್ಲಿ ಮಾಡು, ಕೈ ಹಚ್ಚಬೇಡ ಎಂದಳು ಅಕ್ಕ. ಯಾಕೆಂದು ಅವಳು ಹೇಳಲಿಲ್ಲ. ತನ್ನ ಕಾಯಿಲೆಗಾಗಿ ಇರಬೇಕೆಂದು ಅವನು ತಿಳಿದ.

ಅಂದಿನಿಂದ ಅಪ್ಪನಿಗೆ ಸ್ನಾನ, ತಿಂಡಿ ಮುಗಿಸಿದ ಮೇಲೆ ಮಧ್ಯಾಹ್ನದವರೆಗೆ ಅವರಿಬ್ಬರದೂ ಅದೇ ಕೆಲಸ. ಅಕ್ಕನಿಗೆ ಕೈಯ ಬಲ ಇರಲಿಲ್ಲ, ತಾಳ್ಮೆ ಇತ್ತು. ಒಣಗಿ ಅಂಟಿದ ಪಟ್ಟಿಯನ್ನು ಎಳೆದರೆ ಗಾಯವೇ ಕಿತ್ತುಬರುತ್ತದೆ, ನೆನೆಸಿ ಕಾದರೆ ಪಟ್ಟಿಯಷ್ಟೇ ಬರುತ್ತದೆ. ತುಕ್ಕು ಹಿಡಿದ ನಟ್ಟಿಗೂ ಅವಳು ಅದನ್ನೇ ಮಾಡಿದಳು. ಸೀಮೆಎಣ್ಣೆಗೆ ಇಂಜಿನ್ ಆಯಿಲ್ ಬೆರೆಸಿ, ಹತ್ತಿಯಲ್ಲಿ ಅದ್ದಿ, ನಟ್ಟಿನ ಸುತ್ತ ಸುತ್ತಿ, ಗಂಟೆಗೊಮ್ಮೆ ಸಿರಿಂಜಿನಿಂದ ನಾಲ್ಕು ಹನಿ ಬಿಡುತ್ತಿದ್ದಳು. ಮರುದಿನ ಹತ್ತಿ ತೆಗೆದು, ಸಣ್ಣ ಸುತ್ತಿಗೆಯಿಂದ ತಲೆಯ ಮೇಲೆ ಮೆಲ್ಲಗೆ ತಟ್ಟುವುದು, ಆಮೇಲೆ ಸ್ಪ್ಯಾನರ್ ಹಾಕಿ ಮೊದಲು ಬಿಗಿ ಮಾಡುವ ಕಡೆಗೇ ಒಂದು ಕೂದಲಷ್ಟು ಒತ್ತುವುದು, ಆಮೇಲೆ ಬಿಚ್ಚುವ ಕಡೆಗೆ. ಬಿಗಿ ಮಾಡುವ ಕಡೆಗೆ ಯಾಕೆ ಎಂದು ಅವಳು ಕೇಳಿದ್ದಕ್ಕೆ, ಹಠ ಮಾಡುವವರಿಗೆ ಮೊದಲು ಹೌದು ಹೌದು ಅನ್ನಬೇಕು ಅಕ್ಕ, ಆಗ ಸ್ವಲ್ಪ ಸಡಿಲ ಆಗ್ತಾರೆ ಎಂದ ತಮ್ಮ. ಅಪ್ಪನ ವಿಷಯದಲ್ಲಿ ಅದನ್ನು ಮಾಡಿ ನೋಡಿ ಸೋತವನು ಅವನು.

ಸೈಲೆನ್ಸರಿನ ಎರಡು ನಟ್ಟು ಯಾವುದಕ್ಕೂ ಜಗ್ಗಲಿಲ್ಲ. ಅದಕ್ಕೆ ಅವನು ಮೇಣದಬತ್ತಿಯ ಉಪಾಯ ಹೇಳಿಕೊಟ್ಟ. ನಟ್ಟನ್ನು ಚೆನ್ನಾಗಿ ಕಾಯಿಸಿ ಮೇಣ ತಾಗಿಸಿದರೆ, ಅದು ಕರಗಿ ಎಣ್ಣೆಯೂ ಹೋಗದ ಸಂದಿಯೊಳಗೆ ಇಳಿಯುತ್ತದೆ. ಒಂದು ನಟ್ಟು ಕಿರ್ರೆಂದು ಬಂತು. ಇನ್ನೊಂದು ಬರುವ ಹಾಗೇ ಇತ್ತು, ಆದರೆ ಅವತ್ತು ಬೆಳಿಗ್ಗೆ ಕೆಂಪಾದ ಕರವಸ್ತ್ರವನ್ನು ಬಾಯಿಂದ ತೆಗೆದು ತಮ್ಮ ಬೇಗ ಬೇಗ ಮಡಚಿಟ್ಟುಕೊಂಡದ್ದನ್ನು ಅಕ್ಕ ನೋಡಿದ್ದಳು. ಅವಳ ಕೈ ತಾಳ್ಮೆ ಕಳೆದುಕೊಂಡಿತು. ಜೋರಾಗಿ ಎಳೆದಳು. ನಟ್ಟಿನ ಜೊತೆ ಬೋಲ್ಟೇ ಮುರಿದು ಬಂತು.

"ಅವಸರ ಮಾಡಿಬಿಟ್ಟೆ ನೋಡು," ಎಂದ ತಮ್ಮ. "ಏನವಸರ ನಿನಗೆ?"

ಅವಳು ಮುರಿದ ತುಂಡನ್ನು ನೋಡುತ್ತ ಕೂತಳು. ಅವನಿಗೂ ಅರ್ಥವಾಗಿರಬೇಕು, ಮತ್ತೆ ಕೇಳಲಿಲ್ಲ. ಮುರಿದ ಬೋಲ್ಟಿಗೆ ರಂಧ್ರ ಕೊರೆದು ತೆಗೆಯಲು ನಾಲ್ಕು ದಿನ ಹಿಡಿಯಿತು, ಆ ನಾಲ್ಕು ದಿನ ಇಬ್ಬರೂ ಹಳೆಯ ನೆರೆಹೊರೆಯವರನ್ನೆಲ್ಲ ನೆನೆದು ನಗಾಡಿದರು. ಹತ್ತೊಂಬತ್ತು ವರ್ಷದಲ್ಲಿ ಅವರು ಅಷ್ಟು ಮಾತಾಡಿರಲಿಲ್ಲ. ಅಕ್ಕನಿಗೆ ಸುಖವಾಗುತ್ತಿತ್ತು, ಸುಖವಾದಷ್ಟೂ ಭಯವಾಗುತ್ತಿತ್ತು.

ಇಂಜಿನಿನ ಮೇಲ್ಮುಚ್ಚಳವಾದ ಹೆಡ್ ಬಿಚ್ಚಿದಾಗ ಪಿಸ್ಟನ್ನಿನ ತಲೆ ಕಾಣಿಸಿತು. ಕೆಂಪು ಹಕ್ಕಳೆಗಟ್ಟಿ, ಅದು ಓಡಾಡುವ ಕಬ್ಬಿಣದ ಕೊಳವೆಗೆ, ಗ್ಯಾರೇಜಿನವರು ಬೋರು ಎನ್ನುವ ಅದಕ್ಕೆ, ಕಚ್ಚಿಕೊಂಡು ಅರ್ಧದಾರಿಯಲ್ಲಿ ನಿಂತಿತ್ತು. ಅದರ ಮೇಲೆ ಎಣ್ಣೆ ತುಂಬಿ ಹನ್ನೆರಡು ದಿನ ನೆನೆಸಿದರು. ಹಳೆ ಮಂಚದ ಕಾಲನ್ನು ಕೊಯ್ದು, ಬೋರಿನೊಳಗೆ ಕೂರುವ ಗುಂಡನೆಯ ಕೊರಡು ಮಾಡಿ, ಅದರ ಮೇಲೆ ಅಕ್ಕ ದಿನಕ್ಕೆ ನೂರು ಪೆಟ್ಟು ಹಾಕುತ್ತಿದ್ದಳು. ಮೆಲ್ಲಗೆ, ಒಂದೇ ತೂಕದಲ್ಲಿ. ತಮ್ಮ ಕಣ್ಣು ಮುಚ್ಚಿ ಸದ್ದು ಕೇಳುತ್ತಿದ್ದ. ಇನ್ನೂ ಇಲ್ಲ, ಇನ್ನೂ ಇಲ್ಲ, ಎನ್ನುತ್ತಿದ್ದ. ಒಳಗಿನ ಕೋಣೆಯಿಂದ ಅಪ್ಪ, ಯಾರದು ಗ್ಯಾರೇಜಿನಲ್ಲಿ, ಎಂದು ಕೂಗುತ್ತಿದ್ದರು.

ಹನ್ನೆರಡನೇ ದಿನ ಐವತ್ತನೆಯದೋ ಅರವತ್ತನೆಯದೋ ಪೆಟ್ಟಿಗೆ ಸದ್ದು ಬದಲಾಯಿತು. ತಮ್ಮ ಕಣ್ಣು ತೆರೆದ. ಮುಂದಿನ ಪೆಟ್ಟಿಗೆ ಕೊರಡು ಒಂದು ಬೆರಳು ಕೆಳಗಿಳಿಯಿತು. ಅಕ್ಕ ತನಗೆ ತಾನೇ ಮಾತು ಕೊಟ್ಟುಕೊಂಡಿದ್ದ ಆ ದಿನ ಬಂದೇಬಿಟ್ಟಿತ್ತು.

ಇಬ್ಬರೂ ಸೇರಿ ಬೋರನ್ನು ಮೇಲೆತ್ತಿದರು. ಈ ಸಲ ಅವನು ಕೈ ಹಚ್ಚಿದ, ಅವಳು ತಡೆಯಲಿಲ್ಲ. ಅವನು ಅದನ್ನು ಬೆಳಕಿಗೆ ತಿರುಗಿಸಿದ. ಮೇಲಿನ ಅರ್ಧವೆಲ್ಲ ತುಕ್ಕು. ಕೆಳಗಿನ ಅರ್ಧ ಕನ್ನಡಿಯಂತೆ ಹೊಳೆಯುತ್ತಿತ್ತು. ಬೆರಳಿನಿಂದ ಸವರಿದ, ಎಣ್ಣೆಯ ತೆಳು ಪದರು ಅಂಟಿತು. ಪಿಸ್ಟನ್ನಿನ ಮೈ ನೋಡಿದ, ಒಂದು ಗೀರಿಲ್ಲ. ಬಹಳ ಹೊತ್ತು ನೋಡಿದ.

"ಅಕ್ಕ, ಎಣ್ಣೆ ಇತ್ತು."

ಅವನು ಅದನ್ನು ಅವಳ ಕಡೆ ತಿರುಗಿಸಿ ಹಿಡಿದ.

"ಎಣ್ಣೆ ಇಲ್ದೆ ಸೀಜ್ ಆದ್ರೆ ಮೈಯೆಲ್ಲ ಪರಚಿರುತ್ತೆ. ಇದು ನೋಡು, ಹೊಸದರ ಹಾಗಿದೆ. ನಾನು ಎಣ್ಣೆ ಹಾಕಿದ್ದೆ ಅಕ್ಕ. ಹಾಕಿದ್ದೆ ನಾನು."

ಅಳುತ್ತಿದ್ದನೋ ನಗುತ್ತಿದ್ದನೋ ತಿಳಿಯುವಂತಿರಲಿಲ್ಲ. ಹತ್ತೊಂಬತ್ತು ವರ್ಷ ತನ್ನ ಮೇಲೆ ತಾನೇ ಹೊತ್ತುಕೊಂಡಿದ್ದ ತಪ್ಪನ್ನು ಒಬ್ಬ ಮನುಷ್ಯ ಕೆಳಗಿಳಿಸುವಾಗ ಮುಖ ಹೇಗಿರುತ್ತದೆಂದು ಅಕ್ಕ ಅವತ್ತು ನೋಡಿದಳು. ಅವನ ನಿರಪರಾಧಿತ್ವಕ್ಕೆ ಸಾಕ್ಷಿ ಯಾವುದೋ, ಅವಳ ಅಪರಾಧಕ್ಕೂ ಅದೇ ಸಾಕ್ಷಿ. ಹಾಗಾದರೆ ನೀರು ಎಲ್ಲಿಂದ ಬಂತು ಎಂದು ಈಗ ಕೇಳುತ್ತಾನೆ, ಹೇಳುತ್ತೇನೆ ಎಂದು ಅವಳು ಕಾದಳು. ಅವನು ಕೇಳಲೇ ಇಲ್ಲ. ಪಾಪ, ಉತ್ತರವನ್ನೂ ಅವನೇ ಕೊಟ್ಟುಕೊಂಡ. ಸೂರು ಸೋರುತ್ತಿತ್ತಲ್ಲ ಅಕ್ಕ, ಮಳೆನೀರು ಪ್ಲಗ್ಗಿನ ಕಡೆಯಿಂದ ಇಳಿದಿದೆ ಎಂದ.

ಮಳೆನೀರು! ಎಂಥ ಒಳ್ಳೆಯ ಮಾತು. ಯಾರ ತಪ್ಪೂ ಅಲ್ಲದ ಮಾತು. ಅಕ್ಕ ಆ ಮಾತಿನ ಅಡಿಗೆ ನುಸುಳಿಕೊಂಡಳು. ಅವನು ಇಷ್ಟು ಸಂತೋಷದಲ್ಲಿದ್ದಾನೆ, ಇದ್ದಷ್ಟು ದಿನ ಹೀಗೇ ಇರಲಿ, ನಾನು ಹೇಳಿ ಕೆಡಿಸುವುದೇಕೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಹೇಡಿತನ ಯಾವತ್ತೂ ಕರುಣೆಯ ಸೀರೆ ಉಟ್ಟುಕೊಂಡೇ ಬರುತ್ತದೆ.

ತಮ್ಮ ಬೋರನ್ನು ಹಸುಗೂಸಿನ ಹಾಗೆ ಎದೆಗೆ ಅವಚಿಕೊಂಡು, ಗೋಡೆ ಹಿಡಿದು ಹಿಡಿದು ಅಪ್ಪನ ಕೋಣೆಗೆ ಹೋದ. ಮಂಚದ ತುದಿಯಲ್ಲಿ ಕೂತು ಅಪ್ಪನ ಮಡಿಲಲ್ಲಿ ಇಟ್ಟ. ನೋಡಿ ಅಪ್ಪ, ಎಂದ, ಎಣ್ಣೆ ಇತ್ತು, ನೀರಿಳಿದು ಜಾಮ್ ಆಗಿದ್ದು. ಅಪ್ಪ ಬೋರಿನೊಳಗೆ ಬೆರಳಾಡಿಸಿದರು. ಕಣ್ಣು ಚುರುಕಾಯಿತು. ಮಕ್ಕಳ ಮುಖ ಮರೆತರೂ ಆ ಬೆರಳುಗಳು ಏನನ್ನೂ ಮರೆತಿರಲಿಲ್ಲ. ಮೇಲೆ ಸವರಿದರು, ಕೆಳಗೆ ಸವರಿದರು. ಹೌದು, ಎಣ್ಣೆ ಇತ್ತು, ಎಂದರು.

"ನೀರು ಮೇಲಿಂದ ಇಳಿದಿದೆ," ಎಂದರು ಅಪ್ಪ. "ಪ್ಲಗ್ ಬಿಗಿ ಮಾಡಿಲ್ಲ ನೀನು. ಕುಡಿದು ಕೈ ನಡುಗ್ತಿತ್ತು, ಸಡಿಲ ಬಿಟ್ಟಿದೀಯ. ಎಣ್ಣೆ ಹಾಕೋದು ಗೊತ್ತು, ಪ್ಲಗ್ ಬಿಗಿ ಮಾಡೋದು ಗೊತ್ತಿಲ್ಲ."

ತಮ್ಮನ ಮುಖ ಆರಿಹೋಯಿತು. ಇರಬಹುದು ಅಪ್ಪ, ಎಂದ. ಹತ್ತೊಂಬತ್ತು ವರ್ಷದ ಹಿಂದೆ ಹೇಳಿದ್ದ ಅದೇ ಎರಡು ಮಾತು, ಅದೇ ದನಿಯಲ್ಲಿ. ಬಾಗಿಲಲ್ಲಿ ನಿಂತಿದ್ದ ಅಕ್ಕನ ಕೈಯಲ್ಲಿ ಈ ಸಲ ಸೌಟಿರಲಿಲ್ಲ, ಸುತ್ತಿಗೆಯಿತ್ತು. ಅದನ್ನು ಕೆಳಗಿಟ್ಟಳು.

"ಪ್ಲಗ್ ಬಿಗಿಯಾಗೇ ಇತ್ತು. ಬಿಚ್ಚಿದ್ದು ನಾನು. ಅದು ಮಳೆನೀರಲ್ಲ ಅಪ್ಪ, ಸಲೈನ್. ಆಸ್ಪತ್ರೆಯಿಂದ ತಂದು ನಾನೇ ಸುರಿದೆ."

ಅಪ್ಪ ಅವಳನ್ನು ನೋಡಿದರು. ಅವರ ಮುಖದಲ್ಲಿ ಕೋಪ ಬರಲಿ, ಕೈಯಲ್ಲಿದ್ದುದನ್ನು ಎತ್ತಿ ಎಸೆಯಲಿ ಎಂದು ಅವಳು ಕಾದಳು. ಅಪ್ಪ ನಕ್ಕುಬಿಟ್ಟರು. ಇವಳು ಚಿಕ್ಕವಳಿಂದಲೂ ಹೀಗೇ, ಅವನು ಗಾಜು ಒಡೆದರೆ ನಾನು ಒಡೆದೆ ಎಂದು ಬರುತ್ತಿದ್ದಳು, ಅವನನ್ನು ಬಚಾವ್ ಮಾಡುವುದೇ ಇವಳ ಕೆಲಸ ಎಂದರು. ಅದು ನಿಜವೇ ಆಗಿತ್ತು. ತಮ್ಮನ ಸಲುವಾಗಿ ಅಷ್ಟು ಸುಳ್ಳು ಹೇಳಿದವಳ ನಿಜಕ್ಕೆ ಆ ಮನೆಯಲ್ಲಿ ಬೆಲೆಯೇ ಉಳಿದಿರಲಿಲ್ಲ. ಅವಳು ಮತ್ತೆ ಹೇಳಿದಳು, ಮೂರು ಸಲ ಹೇಳಿದಳು. ಅಪ್ಪ ಬೋರನ್ನು ಪಕ್ಕಕ್ಕಿಟ್ಟು, ನರ್ಸಮ್ಮ, ನೀರು ಕೊಡಿ, ಎಂದರು.

ತಮ್ಮ ನಂಬಿದ. ಅವನು ನೆಲ ನೋಡುತ್ತ ಕೇಳಿದ.

"ಯಾಕಕ್ಕ?"

"ಮೂರನೇ ಸಲ ಬಿದ್ರೆ ನೀನು ಉಳಿಯಲ್ಲ ಅಂತ ಭಯ ಆಯ್ತು ಕಣೋ."

"ಉಳಿದೆ," ಎಂದ ಅವನು. "ಸುರಿದಿದ್ದಕ್ಕೆ ನಂಗೇನೂ ಬೇಜಾರಿಲ್ಲ. ಆದ್ರೆ ಅವತ್ತು ಅಪ್ಪ ಕೂಗಾಡುವಾಗ ನೀನು ಬಾಗಿಲಲ್ಲೇ ನಿಂತಿದ್ದೆ. ಅವತ್ತು ಹೇಳಿದ್ದಿದ್ರೆ ಅವರಿಗೆ ಅರ್ಥ ಆಗ್ತಿತ್ತು."

ಅವನು ಎದ್ದು ಹೋದ. ಹಿತ್ತಿಲ ಬಾಗಿಲಿಂದಲೇ ಹೋದ.

ಮರುದಿನ ಬರಲಿಲ್ಲ, ಅದರ ಮರುದಿನವೂ ಇಲ್ಲ. ಅಕ್ಕ ಎರಡು ಬೀದಿ ದಾಟಿ ಹೋದಳು. ಅವನು ಗೋಡೆಯ ಕಡೆ ತಿರುಗಿ ಮಲಗಿದ್ದ. ಮಲಗಿದವರ ಉಸಿರು ಯಾವುದು, ಮಲಗಿದ ಹಾಗೆ ಮಾಡುವವರ ಉಸಿರು ಯಾವುದು ಎಂದು ಮೂವತ್ತನಾಲ್ಕು ವರ್ಷ ವಾರ್ಡಿನಲ್ಲಿ ಕಳೆದವಳಿಗೆ ಯಾರೂ ಹೇಳಿಕೊಡಬೇಕಿಲ್ಲ. ಅವನ ಬೆನ್ನ ಹಿಂದೆ ದಿಂಬು ಎತ್ತರಿಸಿಟ್ಟು, ಒಂದು ಗಂಟೆ ಕೂತು ಎದ್ದು ಬಂದಳು. ದಾರಿಯುದ್ದಕ್ಕೂ ಅತ್ತಳು, ಎದುರಾದವರಿಗೆ ಕಣ್ಣಿಗೆ ಧೂಳು ಬಿತ್ತು ಎಂದಳು.

ನಾಲ್ಕನೇ ದಿನ ತಮ್ಮನ ಹೆಂಡತಿ ಗ್ಯಾರೇಜಿನ ಬಾಗಿಲಿಗೆ ಬಂದಳು. ಗಂಡ ಹೇಳಿಕಳಿಸಿದ ಮಾತನ್ನು, ಒಂದಕ್ಷರ ಅರ್ಥವಾಗದೆ, ಪಾಠ ಒಪ್ಪಿಸುವವಳ ಹಾಗೆ ಒಪ್ಪಿಸಿದಳು. "ಪಿಸ್ಟನ್ ರಿಂಗುಗಳ ಬಾಯಿ ಮೂರೂ ಒಂದೇ ಕಡೆ ಬರಬಾರದಂತೆ ಅಕ್ಕ. ಬೇರೆ ಬೇರೆ ಕಡೆ ಇರ್ಬೇಕಂತೆ." ಬೇರೇನಾದರೂ ಹೇಳಿದನೇ ಎಂದು ಅಕ್ಕ ಕೇಳಿದಳು. ಇಲ್ಲ, ಇಷ್ಟೇ. ಅದು ಕ್ಷಮೆಯೋ, ಬರೀ ಮೇಸ್ತ್ರಿಯ ಮಗನಿಗೆ ಕೆಲಸ ಕೆಡುವುದನ್ನು ನೋಡಲಾಗದ ಸಂಕಟವೋ, ಅಕ್ಕನಿಗೆ ತಿಳಿಯಲಿಲ್ಲ. ಅವಳು ಮಾತ್ರ ಪಿಸ್ಟನ್ನಿಗೆ ತೊಡಿಸುವ ರಿಂಗುಗಳ ಸೀಳಿದ ಬಾಯಿಯನ್ನು ಬೇರೆ ಬೇರೆ ಕಡೆ ತಿರುಗಿಸಿಟ್ಟಳು.

ಹೀಗೆ ವಾರಕ್ಕೆರಡು ಮಾತು ಬರುತ್ತಿದ್ದವು. ಬೋರನ್ನು ಲೇತ್ ಅಂಗಡಿಯಲ್ಲಿ ಎಷ್ಟು ಕೊರೆಸಿ ನುಣುಪು ಮಾಡಿಸಬೇಕು, ಹೆಡ್ಡಿನ ನಟ್ಟುಗಳನ್ನು ಯಾವ ಕ್ರಮದಲ್ಲಿ ಬಿಗಿ ಮಾಡಬೇಕು. ಅವಳು ಹೋದಾಗೆಲ್ಲ ಅವನು ಗೋಡೆಯ ಕಡೆ ತಿರುಗಿರುತ್ತಿದ್ದ. ಇತ್ತ ಅಪ್ಪ ಪ್ರತಿ ಬೆಳಿಗ್ಗೆ, ಎಣ್ಣೆ ಹಾಕದೆ ಓಡಿಸಿದವನು ಎಲ್ಲಿ, ಎಂದು ಕೇಳುತ್ತಿದ್ದರು. ಅಕ್ಕ ಪ್ರತಿ ಬೆಳಿಗ್ಗೆ ಅವರ ಬೆನ್ನಿಗೆ ನೀರು ಹಾಕುತ್ತ ಹೇಳುತ್ತಿದ್ದಳು, ಅವನು ಎಣ್ಣೆ ಹಾಕಿದ್ದ ಅಪ್ಪ, ಕೆಡಿಸಿದ್ದು ನಾನು. ಅಪ್ಪ ಒಂದು ದಿನ ನಗುತ್ತಿದ್ದರು, ಒಂದು ದಿನ ಕೆಂಡವಾಗುತ್ತಿದ್ದರು, ಒಂದು ದಿನ ಯಾವ ಗಾಡಿ ಎನ್ನುತ್ತಿದ್ದರು. ಮರುದಿನ ಮತ್ತೆ ಮೊದಲಿನಿಂದ. ಒಂದೇ ಸಲ ಹೇಳಬೇಕಾಗಿದ್ದ ಮಾತನ್ನು ಅವಳು ಈಗ ದಿನವೂ ಹೇಳಬೇಕಾಗಿತ್ತು.

ಕೊನೆಯ ಸಲ ತಮ್ಮನ ಹೆಂಡತಿ ಒಂದು ಎಣ್ಣೆಯ ಡಬ್ಬಿ ಹಿಡಿದು ಬಂದಳು. ಸ್ಟ್ಯಾಂಡಿನ ಪಕ್ಕದ ಅಂಗಡಿಯಿಂದ ಅವನೇ ಹೇಳಿ ತರಿಸಿದ್ದನಂತೆ. ತಲೆದಿಂಬಿನ ಪಕ್ಕದಲ್ಲೇ ಇಟ್ಟುಕೊಂಡಿದ್ದನಂತೆ. ಇದನ್ನೇ ಹಾಕಬೇಕಂತೆ, ಸ್ಟಾರ್ಟ್ ಮಾಡುವ ಮೊದಲು ಮತ್ತೊಮ್ಮೆ ಕಡ್ಡಿ ಎಳೆದು ನೋಡಬೇಕಂತೆ. ಅಕ್ಕ ಡಬ್ಬಿಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡಳು. ಇನ್ನೂ ಕಾರ್ಬುರೇಟರ್ ಜೋಡಿಸುವುದಿತ್ತು, ಇನ್ನೊಂದು ವಾರದ ಕೆಲಸವಿತ್ತು. ಮೂರು ದಿನದ ಮೇಲೆ, ಬೆಳಿಗ್ಗೆ ಹತ್ತು ಗಂಟೆಗೆ, ತಮ್ಮ ತೀರಿಕೊಂಡ.

ಅವನ ಮುಖ ಒರೆಸಿದ್ದು, ಬಟ್ಟೆ ಹೊದಿಸಿದ್ದು ಅಕ್ಕನೇ. ಅವನ ಬಲಗೈ ಹೆಬ್ಬೆರಳಿನ ಉಗುರಿನ ಸಂದಿಯಲ್ಲಿ ಬೋರಿನ ಕಪ್ಪು ಇನ್ನೂ ಉಳಿದಿತ್ತು. ಅದನ್ನು ಮಾತ್ರ ಅವಳು ಒರೆಸಲಿಲ್ಲ.

ತಿಂಗಳಾದ ಮೇಲೆ ಕೆಲಸ ಮುಗಿಯಿತು. ಅವನ ಡಬ್ಬಿಯ ಎಣ್ಣೆ ಪೂರ್ತಿ ಹಾಕಿ, ಕಡ್ಡಿ ಎಳೆದು ನೋಡಿ, ಮತ್ತೊಮ್ಮೆ ನೋಡಿ, ಅಕ್ಕ ಕಿಕ್ ಹೊಡೆದಳು. ಒಂಬತ್ತನೇ ಸಲಕ್ಕೆ ಇಂಜಿನ್ ಕೆಮ್ಮಿತು, ಹನ್ನೊಂದನೇ ಸಲಕ್ಕೆ ಹಿಡಿದುಕೊಂಡು ಓಡತೊಡಗಿತು. ಬೀದಿಯ ಕಿಟಕಿಗಳು ತೆರೆದವು. ಅವಳಿಗೆ ಸಂತೋಷವಾಗಲಿಲ್ಲ; ಕೂತು ಅಳಬೇಕೆನಿಸಿತು, ಅಷ್ಟೇ.

ಬೆನ್ನ ಹಿಂದೆ ಸದ್ದಾಯಿತು. ಎಷ್ಟೋ ತಿಂಗಳಿಂದ ತಾವಾಗಿ ಎದ್ದಿರದ ಅಪ್ಪ ಒಳಬಾಗಿಲ ಚೌಕಟ್ಟು ಹಿಡಿದು ನಿಂತಿದ್ದರು. ಕತ್ತನ್ನು ಒಂದು ಕಡೆಗೆ ವಾಲಿಸಿ, ಕಣ್ಣು ಮುಚ್ಚಿ, ತಮ್ಮ ಕೇಳುತ್ತಿದ್ದ ಹಾಗೆಯೇ ಸದ್ದು ಕೇಳಿದರು.

"ಚೆನ್ನಾಗಿ ಕೂತಿದೆ. ಎಣ್ಣೆ ಯಾರು ಹಾಕಿದ್ದು?"

"ನಿಮ್ಮ ಮಗ, ಅಪ್ಪ."

ಅಪ್ಪ ಇನ್ನೂ ಸ್ವಲ್ಪ ಹೊತ್ತು ಕೇಳಿದರು. ಆಮೇಲೆ ತಲೆಯಾಡಿಸಿದರು.

"ಒಳ್ಳೆ ಕೆಲಸ ಮಾಡಿದಾನೆ. ಹಿತ್ತಿಲ ಕಡೆಯಿಂದ ಯಾಕೆ ಬರ್ತಾನೆ ಅವನು? ಮುಂದಿನ ಬಾಗಿಲಿಂದಲೇ ಬರೋಕೆ ಹೇಳು. ಬೈಯಲ್ಲ ಅಂತ ಹೇಳು."

ಹೇಳ್ತೀನಿ ಅಪ್ಪ, ಎಂದಳು ಅಕ್ಕ. ಇಂಜಿನ್ ಓಡುತ್ತಲೇ ಇತ್ತು. ಅದನ್ನು ನಿಲ್ಲಿಸಲು ಅವಳಿಗೆ ಮನಸ್ಸು ಬರಲಿಲ್ಲ.